ನಡುವಿನ ಹಲಗೆಯ ಸೀರೆ

ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನಾನು ಗದಗಿನ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತು ಒಬ್ಬ ಹೆಣ್ಣುಮಗಳಿಗೆ ಸೀರೆಯ ಸೆರಗು ತೋರಿಸುತ್ತಿದ್ದೆ. ಫೋನು ಕಿವಿಗೆ ಇಟ್ಟವನು ಸೆರಗನ್ನು ಹಾಗೇ ನನ್ನ ಹೆಗಲ ಮೇಲೆ ಹಾಕಿಕೊಂಡು ಎದ್ದು ನಿಂತುಬಿಟ್ಟಿದ್ದೆನಂತೆ. ಅಂಗಡಿಯ ಮಂದಿಯೆಲ್ಲ ನಗತೊಡಗಿದ ಮೇಲೇ ನನಗೆ ಗೊತ್ತಾದದ್ದು.

"ಏನ್ ಕಾಕಾ, ನೀವ ಉಟ್ಕೊಂಡು ನಡದ್ರೇನು?" ಎಂದಳು ಆಕೆ.

"ಮೊಮ್ಮಗಳು ಬಂದಾಳವ್ವಾ! ಇವತ್ತ ನಾ ಏನ್ ಉಟ್ರೂ ನಡೀತೈತಿ!"

ನಾನು ನಾಲ್ಕನೆಯ ಇಯತ್ತೆಯವರೆಗೆ ಕಲಿತವನು. ಬರೆಯುವುದು ನನ್ನ ಕಸುಬಲ್ಲ. ಆದರೆ ಆ ಕೂಸನ್ನು ನೋಡಿ ಬಂದ ದಿನದಿಂದ ಯಾರ ಮುಂದಾದರೂ ಹೇಳದಿದ್ದರೆ ಎದೆ ಒಡೆದು ಹೋದೀತು ಅನ್ನಿಸುತ್ತದೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಪೇಢೆ ಮುಟ್ಟದ ಮನೆ ಉಳಿಯಲಿಲ್ಲ. ಕೂಸಿನ ಕಿವಿ, ಏನು ಹೇಳಲಿ, ಈಗ ತಾನೇ ಗಂಟಿನಿಂದ ತೆಗೆದ ಹೊಸ ಬಟ್ಟೆಯ ಮೂಲೆಯ ಹಾಗೆ ಇನ್ನೂ ಮಡಚಿಕೊಂಡೇ ಇತ್ತು. ಬಾಣಂತನಕ್ಕೆ ಬಂದ ಮಗಳ ಕೋಣೆಗೆ ನಾನು ಎಷ್ಟು ಸಲ ಹೋಗಿ ಬರುತ್ತಿದ್ದೆನೆಂದರೆ ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಕೂಸಿಗೆ ದೃಷ್ಟಿ ಆಗೂದು ಮಂದೀದಲ್ಲ, ನಿಮ್ಮದ!" ಎಂದಳು.

ಇದೇ ಸಂತೋಷದ ನಡುವೆ ಅಂಗಡಿಯಲ್ಲಿ ಒಂದು ಹಲಗೆಯ ತಕರಾರು ಎದ್ದಿತು. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅಂಗಡಿಯಲ್ಲಿ ಗಾದಿಯ ಹಿಂದಿನ ಗೋಡೆಗೆ ಮೂರು ಹಲಗೆಗಳಿದ್ದವು. ಗಿರಾಕಿ ಬಂದು ಕುಳಿತ ಕೂಡಲೇ ನಾವು ಬಣ್ಣ ಕೇಳುವುದಿಲ್ಲ, ಬೆಲೆ ಕೇಳುವುದಿಲ್ಲ. "ಕೊಡಾಕೋ, ಉಡಾಕೋ?" ಅಂತ ಕೇಳುತ್ತೇವೆ. ಕೊಡುವುದಕ್ಕೆ ಎಂದರೆ ಆಯೇರಿಗೆ. ಮದುವೆಯಲ್ಲಿ, ತೊಟ್ಟಿಲ ಕಾರ್ಯದಲ್ಲಿ ಬೀಗರಿಗೆ, ನೆಂಟರಿಗೆ ಮಾಡುವ ಬಟ್ಟೆಯ ಉಡುಗೊರೆಗೆ. ಅದಕ್ಕೆ ಕೆಳಗಿನ ಹಲಗೆ. ಹೊಳಪು ಬಹಳ, ಬಾಳಿಕೆ ಇಲ್ಲ. ಮೇಲಿನ ಹಲಗೆಯಲ್ಲಿ ಒಂದು ದಿನ ಉಟ್ಟು ವರ್ಷವೆಲ್ಲ ಕಪಾಟಿನಲ್ಲಿ ಇಡುವ ರೇಷ್ಮೆ. ನಡುವಿನ ಹಲಗೆಯದು ಇವೆರಡೂ ಅಲ್ಲ. ನೂಲಿನ ಮೈ, ಗಟ್ಟಿ ಅಂಚು, ತೊಳೆದಷ್ಟೂ ಮೆತ್ತಗಾಗುವ ಸೀರೆ. ಕೊಟ್ಟರೂ ಮರ್ಯಾದೆ, ಉಟ್ಟರೂ ಮರ್ಯಾದೆ. "ನಾದಿನಿಗೂ ಇದ ಇರ್ಲಿ, ನನಗೂ ಇದ ಇರ್ಲಿ" ಎಂದು ಜೋಡಿ ಒಯ್ಯುವವರು ಆ ಹಲಗೆಯ ಗಿರಾಕಿಗಳು. ತಾನು ಉಡುವಂಥದ್ದನ್ನೇ ಇನ್ನೊಬ್ಬರಿಗೂ ಕೊಡುವ ಮಂದಿ. ಮಧ್ಯಮ ವರ್ಗ ಎಂದು ಟಿವಿಯಲ್ಲಿ ಏನು ಹೇಳುತ್ತಾರೋ ನನಗೆ ತಿಳಿಯದು. ನನಗೆ ಗೊತ್ತಿರುವ ಮಧ್ಯಮ ವರ್ಗ ಇವರೇ.

ಒಂದು ದಿನ ಬೆಳಿಗ್ಗೆ ಸಣ್ಣ ಸಾಹುಕಾರ ಬಂದು ನನ್ನ ಪಕ್ಕದಲ್ಲಿ ಕುಳಿತ. ತಂದೆಯ ನಂತರ ಅಂಗಡಿ ನೋಡಿಕೊಳ್ಳುವ ಹುಡುಗ. ನನ್ನ ಕೈಯಲ್ಲೇ ಬೆಳೆದವನು, ಮರ್ಯಾದಸ್ಥ.

"ಕಾಕಾ, ಆ ನಡುವಿನ ಹಲಗಿ ತಗಸೂನು. ಲಗ್ನಸರಾಯಿ ಶುರು ಆಗೂದ್ರಾಗ ಅಲ್ಲಿ ಕನ್ನಡಿ ಹಚ್ಚಸ್ತೀನಿ. ಹೆಣ್ಣಮಕ್ಕಳು ಮ್ಯಾಲಿನ ಸೀರಿ ಹೆಗಲಿಗೆ ಹಾಕ್ಕೊಂಡು ಫೋಟೋ ತಕ್ಕೊಳ್ಳಾಕ ಜಾಗಾ ಕೇಳ್ತಾರ."

"ಮತ್ತ ಸೀರಿ?"

"ನೇಕಾರರಿಗೆ ತಿರುಗಿ ಕಳಸೂದು."

"ಗಿರಾಕಿ ಬಂದು ಕೇಳಿದ್ರ?"

"ಯಾರ್ ಕೇಳ್ತಾರ ಕಾಕಾ? ನೀವ ಹೇಳ್ರಿ, ಈ ಹಲಗೀಗೆ ನೀವು ಕೈ ಹಚ್ಚಿ ಎಷ್ಟ ದಿನ ಆತು?"

ಖರೆ ಹೇಳಬೇಕೆಂದರೆ ಆ ಸೀರೆಗಳ ಮೇಲಿನ ಧೂಳು ಝಾಡಿಸಲಷ್ಟೇ ನಾನು ಕೈ ಹಚ್ಚುತ್ತಿದ್ದೆ.

ಲೆಕ್ಕ ಬರೆಯುವ ನಮ್ಮ ಮುನೀಮ ದುಡ್ಡಿನ ಗಲ್ಲೆಯ ಮುಂದೆ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುವವನು. ಚಹಾ ಬಂದಾಗ ನನ್ನ ಮೋರೆ ನೋಡಿ ನಕ್ಕ. "ಯಾಕ ಸತ್ತ ಮನಿಯವರಂಗ ಕುಂತೀಯೋ? ನಡುವಿನ ಮಂದಿ ಎಲ್ಲೂ ಹೋಗಿಲ್ಲ. ಎಲ್ಲಾರೂ ಮ್ಯಾಲೆ ಹತ್ಯಾರ. ಬಾಗಲದಾಗ ಗಾಡಿ ನಿಂತಿದ್ದು ಕಾಣಂಗಿಲ್ಲೇನು ನಿನಗ?"

"ಎಲ್ಲಾರೂ ಮ್ಯಾಲೆ ಹತ್ತಿದ್ರ ಕೆಳಗಿನ ಹಲಗಿ ಯಾರು ಖಾಲಿ ಮಾಡಾಕತ್ತಾರ?"

"ಹತ್ತಿದವರ! ಮ್ಯಾಲಿಂದು ತಮಗ, ಕೆಳಗಿಂದು ಮಂದಿಗೆ."

ಅವನ ಮಾತಿನಲ್ಲಿ ಅರ್ಧ ಖರೆ ಇತ್ತು. ಉಳಿದರ್ಧ ಎಲ್ಲಿ ಹೋಯಿತು ಎಂಬುದು ನನ್ನನ್ನು ಕೊರೆಯತೊಡಗಿತು. ಹಳೆಯ ಗಿರಾಕಿಗಳು ಇದ್ದಲ್ಲೇ ಇದ್ದಾರೆ, ಗದಗಿಗೆ ಬರುವುದನ್ನಷ್ಟೇ ಬಿಟ್ಟಿದ್ದಾರೆ ಎಂದು ನನ್ನ ನಂಬಿಕೆ. ಸಣ್ಣ ಸಾಹುಕಾರನ ಬಳಿ ಹೋಗಿ ಕೇಳಿದೆ: "ಒಂದು ಗಂಟು ನನಗ ಕೊಡ್ರಿ. ಅವರ ಊರಿಗೇ ಹೋಗಿ ತೋರಿಸ್ಕೊಂಡು ಬರ್ತೀನಿ. ಮಾರಿದ್ರ ಹಲಗಿ ಇರ್ಲಿ. ಇಲ್ಲಾಂದ್ರ ನಾನ ಸ್ಕ್ರೂ ಬಿಚ್ತೀನಿ."

ಅವನು ಸ್ವಲ್ಪ ಯೋಚಿಸಿ ಒಪ್ಪಿದ. "ಹೋಗಿ ಬರ್ರಿ. ಆದ್ರ ಗಳಿಗಿ ಮುರೀಬಾರದು ಕಾಕಾ. ಮುರಿದ್ರ ನೇಕಾರರು ವಾಪಸ್ ತಗೊಳ್ಳಂಗಿಲ್ಲ."

ಗಳಿಗಿ ಎಂದರೆ ಸೀರೆಯ ಮೊದಲ ಮಡಿಕೆ. ಮಗ್ಗದಿಂದ ಇಳಿದ ಸೀರೆಯನ್ನು ಮಡಚಿ ಭಾರ ಹೇರಿ ಕೂರಿಸಿದ ಗೆರೆ. ಅದನ್ನು ಪೂರಾ ಬಿಚ್ಚಿಬಿಟ್ಟರೆ ಮತ್ತೆ ಅದೇ ಗೆರೆಗೆ ಯಾರಿಂದಲೂ ಕೂರಿಸಲಾಗದು. ಗಳಿಗಿ ಮುರಿದ ಸೀರೆ ಉಟ್ಟ ಸೀರೆಯ ಲೆಕ್ಕ. ಅದನ್ನು ಮಾರಲಾಗದು, ಆಯೇರಿ ಮಾಡಲಂತೂ ಆಗದು. ಆದ್ದರಿಂದ ನಮ್ಮ ಕೆಲಸದ ಮೊದಲ ಪಾಠವೇ ಸೀರೆಯನ್ನು ಬಿಚ್ಚದೆ ತೋರಿಸುವುದು. ಎಡಗೈ ಹೆಬ್ಬೆರಳಿನಿಂದ ಮಡಿಕೆಯ ಬೆನ್ನು ಒತ್ತಿ ಹಿಡಿದು, ಬಲಗೈಯಿಂದ ಸೆರಗನ್ನಷ್ಟೇ ಹೊರಗೆ ಹರಿಬಿಡಬೇಕು. ಅಂಚು ಕೇಳಿದರೆ ಪದರುಗಳನ್ನು ಬೀಸಣಿಕೆಯ ಹಾಗೆ ಅಗಲಿಸಬೇಕು. ಒಳಮೈ ಕೇಳಿದರೆ ಒಂದು ಪದರ ಎತ್ತಿ ಅಂಗೈ ತೂರಿಸಿ ಬೆಳಕಿಗೆ ಹಿಡಿಯಬೇಕು. ಇಷ್ಟು ವರ್ಷಗಳಲ್ಲಿ ನನ್ನ ಕೈಯಿಂದ ಗಳಿಗಿ ಮುರಿದದ್ದಿಲ್ಲ.

ಮೊದಲು ಲಕ್ಷ್ಮೇಶ್ವರಕ್ಕೆ ಹೋದೆ. ಅಲ್ಲಿ ನಿವೃತ್ತ ಮಾಸ್ತರರೊಬ್ಬರ ಮನೆ. ಅವರ ಹೆಂಡತಿ ಪ್ರತಿ ಹಬ್ಬಕ್ಕೆ ನಡುವಿನ ಹಲಗೆಯಿಂದ ಜೋಡಿ ಒಯ್ಯುತ್ತಿದ್ದವರು. ನನ್ನನ್ನು ನೋಡಿ ಖುಷಿಯಾದರು. ಮೊಮ್ಮಗಳ ಸುದ್ದಿ ಕೇಳಿ ಬಾಯಿಗೆ ಸಕ್ಕರೆ ಹಾಕಿದರು. ನಾನು ಕೂಸಿನ ಕಿವಿಯಿಂದ ಹಿಡಿದು ಕಾಲುಗುರಿನವರೆಗೆ ವರ್ಣಿಸಿ, ಆಮೇಲೆ ಗಂಟು ಬಿಚ್ಚಿದೆ. ಅವರು ಅಂಚನ್ನು ಬೆರಳಲ್ಲಿ ಹಿಸುಕಿ ನೋಡಿದರು. ಬಹಳ ಹೊತ್ತು ಹಿಡಿದುಕೊಂಡೇ ಕುಳಿತರು.

"ಭಾಳ ಚಲೋ ಅದಾವ್ರಿ. ಆದ್ರ ಈಗ ಬ್ಯಾಡ."

"ಮನ್ಯಾಗ ಕಾರ್ಯ ಬರಂಗಿಲ್ಲೇನ್ರಿ ಅಕ್ಕಾರ?"

"ಕಾರ್ಯಕ್ಕೇನು ಕಡಿಮಿ? ನೋಡ್ರಿ," ಎಂದು ದೇವರ ಗೂಡಿನ ಮಗ್ಗುಲಲ್ಲಿದ್ದ ಲಗ್ನಪತ್ರಿಕೆಗಳನ್ನು ತೋರಿಸಿದರು. "ಎಲ್ಲಾದ್ರಾಗೂ ಬರಸ್ಯಾರ, ಆಯೇರಿ ತರಬ್ಯಾಡ್ರಿ ಅಂತ."

"ದೊಡ್ಡ ಮನಸಿನ ಮಂದಿ."

ಅವರು ನಕ್ಕರು. "ನೀವು ಸೀರಿ ಮಾರಿದ್ರಿ, ಸಂಸಾರ ತೂಗಸ್ಲಿಲ್ಲ ನೋಡ್ರಿ. ತಗೊಂಡ್ರ ತಿರುಗಿ ಕೊಡಬೇಕಲ್ಲ? ಆ ಕುತಗಿ ಉರುಳು ಬ್ಯಾಡಂತ ಬರಸೂದು. ನಾವೂ ಸಣ್ಣ ಮಗನ ಲಗ್ನಕ್ಕ ಹಂಗ ಬರಸಿದ್ವಿ." ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತೇನೋ, ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದರು.

ಶಿರಹಟ್ಟಿಯಲ್ಲಿ ಹಿಟ್ಟಿನ ಗಿರಣಿಯವರೊಬ್ಬರ ಮನೆ. ಆ ಮನೆಯ ಹೆಣ್ಣುಮಗಳು ಮೊದಲಿನಿಂದಲೂ ಬಾಯಿಬಡುಕಿ. ನನ್ನ ಗಂಟು ನೋಡಿದವಳೇ ತನ್ನ ಟ್ರಂಕು ಎಳೆದು ತಂದು ಮುಚ್ಚಳ ತೆರೆದಳು. ಒಳಗೆ ಕೆಳಗಿನ ಹಲಗೆಯ ಸೀರೆಗಳು, ಒಂದರ ಮೇಲೊಂದು. ಒಂದರದ್ದೂ ಗಳಿಗಿ ಮುರಿದಿಲ್ಲ.

"ನಾ ಯಾಕ ತಗೊಳ್ಲಿ ಕಾಕಾ? ನನ್ನ ಅಂಗಡಿ ನಿಮ್ಮದಕ್ಕಿಂತ ದೊಡ್ಡದೈತಿ. ಇದು ನೋಡ್ರಿ, ಹುಲಕೋಟಿಯಿಂದ ಬಂತು, ಮುಂದಿನ ವಾರ ಬಾಳೆಹೊಸೂರಿಗೆ ಹೊಕ್ಕೈತಿ. ನನಗಿಂತ ಈ ಸೀರೀನ ಭಾಳ ಊರು ತಿರಗೈತಿ!"

ನಾನು ಆ ಸೀರೆಯನ್ನು ಕೈಗೆ ತೆಗೆದುಕೊಂಡೆ. ನಮ್ಮ ಅಂಗಡಿಯದೇ. ನನ್ನ ಕೈಯಾರೆ ಮಾರಿದ್ದು. ಮಡಿಕೆಯ ಗೆರೆಯಲ್ಲಿ ದಾರ ಜೀರ್ಣವಾಗಿ ಬೆಳಕು ಕಾಣುತ್ತಿತ್ತು. ಒಬ್ಬರೂ ಉಡದೆ, ಕೊಟ್ಟು ಕೊಟ್ಟೇ ಹಳೆಯದಾಗಿತ್ತು.

"ಯಾರರೇ ಒಬ್ರು ಉಡಬಾರದೇನವ್ವಾ ಇದನ್ನ?"

"ಉಟ್ರ ಕೊಡಾಕ ಏನು ಉಳೀತು?" ಎಂದಳು. ನಗುತ್ತಲೇ ಟ್ರಂಕು ಮುಚ್ಚಿದಳು. ಅವಳ ಮೈಮೇಲಿದ್ದದ್ದು ಎಂದೋ ನಾನೇ ಕೊಟ್ಟ ನಡುವಿನ ಹಲಗೆಯ ಸೀರೆ. ಸೆರಗಿಗೆ ತೇಪೆ ಬಿದ್ದಿತ್ತು, ಅಂಚು ಮಾತ್ರ ಇನ್ನೂ ಗಟ್ಟಿ. ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವಳೂ ನೋಡಿದಳು. ಇಬ್ಬರೂ ಕೂಸಿನ ಮಾತಿಗೆ ತಿರುಗಿದೆವು.

ಕಡೆಗೆ ಮುಂಡರಗಿ. ಅಲ್ಲಿ ಮುನೀಮನ ಮಾತಿನ ಅರ್ಧ ಖರೆ ನನಗಾಗಿ ಕಾದಿತ್ತು. ಹಿಂದೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರ ಮನೆ, ಈಗ ಮಗ ಮಣ್ಣು ಅಗೆಯುವ ಯಂತ್ರ ಇಟ್ಟು ಎರಡು ಅಂತಸ್ತು ಏರಿಸಿದ್ದಾನೆ. ಸೊಸೆ ತಣ್ಣನೆಯ ನೀರು ಕೊಟ್ಟು, ಸೀರೆಗಳನ್ನು ಒಂದೊಂದಾಗಿ ನೋಡಿ, "ಚಲೋ ಅದಾವ ಅಜ್ಜಾರ, ಎರಡು ಇಡ್ರಿ" ಎಂದಳು. ನನ್ನ ಜೀವ ಹಿಗ್ಗಿತು. "ನಮ್ಮ ಕೆಲಸದಾಕೀಗೆ ಹಬ್ಬಕ್ಕ ಕೊಡಾಕ ಆತು."

ಕೆಲಸದಾಕೆ ಬಾಗಿಲ ಬಳಿಯೇ ನಿಂತಿದ್ದಳು. ಬಂದು, ಕೈ ಒರೆಸಿಕೊಂಡು ಅಂಚು ಮುಟ್ಟಿದಳು. "ಅವ್ವಾರ, ಇದು ಭಾಳ ಚಲೋದೈತ್ರಿ. ಇದನ್ನ ನೀವ ಉಡ್ರಿ. ನನಗ ಹೊಳಿಯೂದು ಕೊಡ್ರಿ, ಆಯೇರಿಗೆ ಬರತೈತಿ."

ಸೊಸೆ ನಕ್ಕು, ಎರಡನ್ನೂ ತೆಗೆದಿಟ್ಟಳು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಎರಡು ಸೀರೆ ಮಾರಿದೆ.

ಅದೇ ಊರಲ್ಲಿ ನಮ್ಮ ಬೀಗರಿದ್ದಾರೆ, ಮಗಳ ಅತ್ತೆ ಮಾವ. ಲಗ್ನಪತ್ರಿಕೆ ಮುದ್ರಿಸುವ ಸಣ್ಣ ಪ್ರೆಸ್ಸು ಅವರದು. ಅಳಿಯ ಬೇರೆ ಕಡೆ ನೌಕರಿ ಮಾಡುತ್ತಾನೆ. ಗಂಟು ಹೊತ್ತು ಬೀಗರ ಮುಂದೆ ನಿಲ್ಲುವುದು ಹೇಗೆಂದು ನಾಚಿಕೆಯಿಂದಲೇ ಪ್ರೆಸ್ಸಿನ ರಸ್ತೆಗೆ ಹೋದೆ. ಷಟರ್ ಎಳೆದಿತ್ತು. ಊಟಕ್ಕೆ ಹೋಗಿರಬೇಕು ಎಂದುಕೊಂಡೆ. ಬದುಕಿದೆ ಅನ್ನಿಸಿ ಬಸ್ಸು ಹಿಡಿದೆ.

ಮನೆಗೆ ಬಂದಾಗ ಹೆಂಡತಿ ಮೋರೆ ಉಬ್ಬಿಸಿಕೊಂಡಿದ್ದಳು. ಬೀಗತಿಯ ಫೋನು ಬಂದಿತ್ತಂತೆ. ತೊಟ್ಟಿಲ ಕಾರ್ಯಕ್ಕೆ ಬರುತ್ತೇವೆ, ಆದರೆ ಕೊಡುವುದು ತೆಗೆದುಕೊಳ್ಳುವುದು ಏನೂ ಬೇಡ, ಆಯೇರಿ ಮಾಡಲೇಬೇಡಿ.

"ಇದರ ಅರ್ಥ ಏನು ಗೊತ್ತೈತೇನು ನಿಮಗ?" ಎಂದಳು. "ನಮ್ಮ ಸೀರಿ ಅವರ ಮೈಗೆ ಸೇರೂದಿಲ್ಲ ಅಂತ. ಅವರು ಮ್ಯಾಲಿನ ಹಲಗಿಗೆ ಹತ್ಯಾರ. ಚೊಚ್ಚಲ ಮೊಮ್ಮಗಳ ಕಾರ್ಯದಾಗ ಬೀಗತಿಗೆ ಸೀರಿ ಉಡಸದ ತವರುಮನಿ ಅಂತ ನಾಳೆ ನನ್ನ ಮಗಳು ಅಲ್ಲಿ ಮಾತು ಕೇಳಬೇಕೇನು?"

ಒಳಗೆ ಮಗಳು ಕೂಸಿಗೆ ಹಾಲು ಕುಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಬಾಣಂತನ ಮುಗಿದ ಮೇಲೆ ಆ ಮನೆಗೆ ಹೋಗಿ ಬದುಕುವವಳು ಅವಳು. ಕೊಟ್ಟರೆ ಅವರ ಮಾತು ಮೀರಿದ ಹಾಗೆ, ಕೊಡದಿದ್ದರೆ ಮಗಳ ತಲೆ ತಗ್ಗಿದ ಹಾಗೆ. ಬೇರೆಯವರ ಮನೆಯ ಆಯೇರಿಯನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಬಗೆಹರಿಸುವ ನನಗೆ ನನ್ನ ಮನೆಯದು ಬಗೆಹರಿಯಲಿಲ್ಲ.

ಮರುದಿನ ಗಂಟನ್ನು ಸಣ್ಣ ಸಾಹುಕಾರನ ಮುಂದೆ ಇಟ್ಟೆ. ಅವನು ಎಷ್ಟು ಮಾರಿದಿರಿ ಎಂದು ಕೇಳಲೂ ಇಲ್ಲ. ಗಂಟಿನ ಗಾತ್ರವೇ ಹೇಳುತ್ತಿತ್ತು. ಬಡಿಗ ಬಂದ. ಮಾತು ಕೊಟ್ಟಿದ್ದೆನಲ್ಲ, ಮೊದಲ ಸ್ಕ್ರೂ ನಾನೇ ಬಿಚ್ಚಿದೆ. ಸೀರೆಗಳನ್ನು ಇಳಿಸಿ, ಗಳಿಗಿ ಒಂದೊಂದಾಗಿ ನೋಡಿ, ನೇಕಾರರಿಗೆ ಕಳಿಸುವ ಪೆಟ್ಟಿಗೆಗೆ ತುಂಬಿದೆ. ಹಲಗೆ ತೆಗೆದಲ್ಲಿ ಗೋಡೆಯ ಬಣ್ಣ ಒಂದು ಪಟ್ಟಿಯಷ್ಟು ಹೊಸದಾಗಿಯೇ ಉಳಿದಿತ್ತು. ನಡುವಿನ ಮಂದಿ ಕಡಿಮೆಯಾಗಿದ್ದಾರೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಎಲ್ಲರೂ ಅವರವರ ಮನೆಯಲ್ಲೇ ಇದ್ದಾರೆ, ಚಹಾ ಕೊಡುತ್ತಾರೆ, ಬಾಯಿಗೆ ಸಕ್ಕರೆ ಹಾಕುತ್ತಾರೆ. ಕೆಲವರ ಕೈ ಮೇಲಕ್ಕೆ ಹೋಯಿತು, ಕೆಲವರದು ಕೆಳಕ್ಕೆ. ಎದೆಯ ಎತ್ತರಕ್ಕೆ ಕೈ ಚಾಚುವವರು ಸಿಗಲಿಲ್ಲ. ಅಷ್ಟೇ ನಾನು ಕಂಡದ್ದು.

"ಕಾಕಾ, ಕೂಸಿನ ಕಾರ್ಯಕ್ಕ ನಿಮಗ ಬೇಕಾದ್ದೊಂದು ತಗೋರಿ, ನನ್ನ ಕಡಿಂದ," ಎಂದ ಸಣ್ಣ ಸಾಹುಕಾರ. ಮೇಲಿನ ಹಲಗೆಯ ಕಡೆ ಕೈ ತೋರಿಸಿಯೇ ಹೇಳಿದ. ನಾನು ಪೆಟ್ಟಿಗೆಯಿಂದ ಒಂದು ತೆಗೆದುಕೊಂಡೆ. ಹಸಿರು ಮೈ, ಕೆಂಪು ಅಂಚು. ಅದನ್ನೇನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ತೊಟ್ಟಿಲ ಕಾರ್ಯದ ದಿನ ನಮ್ಮ ಸಣ್ಣ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಸಿಲು ಬಾಗಿಲು ದಾಟಿ ಒಳಗೆ ಬಂದಿತ್ತು. ಬೀಗರು ಬಂದರು. ಬೀಗತಿಯ ಕೈಯಲ್ಲಿ ಕೂಸಿಗೆಂದು ಒಂದು ಟೊಪ್ಪಿಗೆ, ಒಂದು ಅಂಗಿ. ಎರಡೂ ಅವರೇ ಹೊಲಿದದ್ದು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಕರೆದಳು, ಹೆಂಗಸರೆಲ್ಲ ಸೇರಿ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು, ನಗೆಯೋ ನಗೆ. ಹೆಸರು ಏನೋ ಹೊಸ ನಮೂನೆಯದು. ನನ್ನ ಬಾಯಲ್ಲಿ ಹೊರಳುವುದಿಲ್ಲ, ನಾನು ಅವ್ವಿ ಎನ್ನುತ್ತೇನೆ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಆಮೇಲೆ ಆಯೇರಿಯ ಹೊತ್ತು. ಪ್ರತಿ ಕಾರ್ಯದಲ್ಲೂ ಗದ್ದಲವೆದ್ದು ಹೋಗುವ ಹೊತ್ತು ಅದು. ಎಲ್ಲರೂ ರೂಢಿಯಂತೆ ಸರಿದು ಕುಳಿತರು, ನಡುವೆ ಜಾಗ ಬಿಟ್ಟರು. ಯಾರೂ ಏಳಲಿಲ್ಲ. ಆ ಖಾಲಿ ಜಾಗವನ್ನು ಎಲ್ಲರೂ ನೋಡುತ್ತಿದ್ದರು. ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. ಬೀಗತಿಯನ್ನು ಅಡಿಗೆ ಮನೆಗೆ ಕರೆದೊಯ್ದಳು. ಸ್ವಲ್ಪ ಹೊತ್ತಿಗೆ ನನಗೂ ಕರೆ ಬಂತು.

ಹೋಗಿ ನೋಡಿದರೆ ತಟ್ಟೆಯಲ್ಲಿ ಅರಿಸಿನ ಕುಂಕುಮ, ಆ ಹಸಿರು ಸೀರೆ. ಬೀಗತಿ ಗೋಡೆಗೆ ಆತು ನಿಂತಿದ್ದಾರೆ.

"ಬ್ಯಾಡಂತ ಕೈ ಮುಗದು ಹೇಳಿದ್ನಲ್ರಿ," ಎಂದರು.

"ನಿಮ್ಮ ಅಂತಸ್ತಿಗೆ ಇದು ಕಡಿಮಿ ಅನ್ನೂದು ನನಗ ಗೊತ್ತೈತಿ," ಎಂದಳು ನನ್ನ ಹೆಂಡತಿ ಬಿಗಿಯಾಗಿ.

"ಯಾ ಅಂತಸ್ತ್ರಿ ಅಕ್ಕಾ?" ಎಂದರು ಬೀಗತಿ, ತಟ್ಟೆಯ ಕಡೆ ನೋಡದೆ. "ಪ್ರೆಸ್ ಬಂದ್ ಆಗೇತ್ರಿ. ಕಾರ್ಡು ಎಷ್ಟ ಮಂದಿ ಅಚ್ಚು ಹಾಕಸ್ತಾರ ಈಗ, ಭಾಳ ಮಂದಿ ಮೊಬೈಲನ್ಯಾಗ ಕಳಸ್ತಾರ. ಇವರು ಇನ್ನೊಬ್ಬರ ಕಡೆ ಕೆಲಸಕ್ಕ ಹೊಂಟಾರ. ಮಗನ ಮುಂದ ಸೈತ ಹೇಳಿಲ್ಲ. ಇಂಥಾ ಸೀರಿ ತಗೊಂಡ್ರ ನಾ ತಿರುಗಿ ಏನು ಕೊಡ್ಲಿ? ಇದರ ಎದುರಿಗೆ ಆ ಹೊಳಿಯೂದು ತಂದು ನಿಮ್ಮ ಉಡಿಗೆ ಹಾಕ್ಲೇನು? ನನ್ನ ಕೈಲೆ ಆಗೂದಿಲ್ಲ."

ನನ್ನ ಹೆಂಡತಿ ತಟ್ಟೆ ಹಿಡಿದುಕೊಂಡೇ ಕಲ್ಲಾದಳು. ಮುಂದಕ್ಕೆ ಚಾಚುವ ಹಾಗಿಲ್ಲ, ಹಿಂದಕ್ಕೆ ಇಡುವ ಹಾಗಿಲ್ಲ. ನಾನು ಏನು ಹೇಳಿದರೂ ಸಮಾಧಾನ ಮಾಡಿದ ಹಾಗಾಗುತ್ತಿತ್ತು. ಸಮಾಧಾನ ಮಾಡಿಸಿಕೊಳ್ಳಲು ಆಕೆ ನಮ್ಮ ಮನೆಗೆ ಬಂದಿರಲಿಲ್ಲ.

ತಟ್ಟೆಯಿಂದ ಸೀರೆ ಎತ್ತಿಕೊಂಡೆ. ಹೆಬ್ಬೆರಳು ರೂಢಿಯಂತೆ ಮಡಿಕೆಯ ಬೆನ್ನಿಗೆ ಹೋಗಿ ಕುಳಿತಿತು. ಅದನ್ನು ತೆಗೆದೆ. ಎರಡೂ ಕೈಯಲ್ಲಿ ತುದಿ ಹಿಡಿದು ಫಡ್ ಎಂದು ಝಾಡಿಸಿಬಿಟ್ಟೆ. ಸೀರೆ ಉದ್ದಕ್ಕೂ ಬಿಚ್ಚಿ ಒಲೆಯ ಕಟ್ಟೆಯ ಮೇಲೆ, ಕೊಡದ ಮೇಲೆ, ನೆಲದ ಮೇಲೆ ಬಿತ್ತು.

"ಅಯ್ಯ, ಏನ್ ಮಾಡಿದ್ರಿ!" ಎಂದು ಚೀರಿದಳು ನನ್ನ ಹೆಂಡತಿ.

"ಗಳಿಗಿ ಮುರೀತು," ಅಂದೆ. "ಇನ್ನ ಇದು ಆಯೇರಿ ಅಲ್ಲ. ಗಳಿಗಿ ಮುರಿದ ಸೀರಿಗೆ ಯಾರೂ ತಿರುಗಿ ಏನೂ ಕೊಡಬೇಕಾಗಿಲ್ಲ ಬೀಗತೇರ. ಇದನ್ನ ಉಡೂದೊಂದ ಉಳದೈತಿ."

ಬೀಗತಿ ನನ್ನನ್ನು ನೋಡಿದರು, ನೆಲದ ಮೇಲಿದ್ದ ಸೀರೆಯನ್ನು ನೋಡಿದರು. ಕಣ್ಣಲ್ಲಿ ನೀರು ಇರುವಾಗಲೇ ತುಟಿಯಲ್ಲಿ ನಗು ಬಂತು. "ಇಷ್ಟ ವರ್ಷ ಅಂಗಡ್ಯಾಗಿದ್ದು ಸೀರಿ ತೋರಸಾಕ ಬರೂದಿಲ್ಲಲ್ರಿ ನಿಮಗ," ಎಂದರು.

ಇದರಿಂದ ಪ್ರೆಸ್ಸಿನ ಷಟರ್ ಮೇಲೇಳುವುದಿಲ್ಲ ಎಂಬುದು ನನಗೆ ಗೊತ್ತು. ಮುಂದಿನ ಕಾರ್ಯಕ್ಕೆ ಮುರಿಯಲು ನನ್ನ ಬಳಿ ಇನ್ನೊಂದು ಸೀರೆಯೂ ಇಲ್ಲ.

ಅಷ್ಟರಲ್ಲಿ ಹೊರಗೆ ಅವ್ವಿ ಅಳತೊಡಗಿದಳು. ಬೀಗತಿ ಬಗ್ಗಿ ಸೀರೆಯನ್ನು ಬಾಚಿ, ಮಡಚಲು ಹೋಗದೆ, ಹಾಗೇ ಮುದ್ದೆ ಮಾಡಿ ಹೆಗಲಿಗೆ ಸುತ್ತಿಕೊಂಡು ಹೊರಗೆ ನಡೆದರು. ತೊಟ್ಟಿಲಿನಿಂದ ಕೂಸನ್ನು ಎತ್ತಿ ಅದರ ಸೆರಗಿನಲ್ಲೇ ಮುಚ್ಚಿಕೊಂಡರು. ಅಳು ನಿಂತಿತು.

"ಏನವ್ವಾ, ಒಳಗ ಒಳಗ ಆಯೇರಿ ಆತೇನು?" ಎಂದು ಮುದುಕಿಯೊಬ್ಬಳು ಕೇಳಿದಳು.

"ಆಯೇರಿ ಎಲ್ಲೀದು ಆಯೀ," ಎಂದರು ಬೀಗತಿ, ಹಣೆಯ ಬೆವರನ್ನು ಒರೆಸದೆ. "ಥಂಡಿ ಅನಿಸ್ತು. ಹೊದ್ಕೊಂಡೀನಿ."